ಹಳೆಯ ಯುರೋಪಿನ ಬೆಳ್ಳಿ ಪಾತ್ರೆ ಕೊಳ್ಳುವುದಾದರೆ: ಲಿಬರ್ಟಿಯೋ, ಜೆನ್ಸನ್ನೋ, ಡಬ್ಲ್ಯುಎಂಎಫ್ಫೋ?

ಬೆಳ್ಳಿ ಎಂದರೆ ನಮ್ಮವರ ಮೊದಲ ಪ್ರಶ್ನೆ ತೂಕದ್ದು. ಎಷ್ಟು ಗ್ರಾಂ, ಇವತ್ತಿನ ರೇಟು ಎಷ್ಟು, ಮಜೂರಿ ಎಷ್ಟು, ವೇಸ್ಟೇಜ್ ಎಷ್ಟು. ಚಿನಿವಾರ ಪೇಟೆಯಲ್ಲಿ ಈ ಲೆಕ್ಕ ಸರಿ. ಆದರೆ 1890ರಿಂದ 1930ರ ನಡುವೆ ಯುರೋಪಿನಲ್ಲಿ ತಯಾರಾದ ಟೀ ಪಾಟ್, ಹಣ್ಣಿನ ಬಟ್ಟಲು, ಚಮಚದ ಸೆಟ್ಟುಗಳನ್ನು ಇದೇ ತಕ್ಕಡಿಯಲ್ಲಿ ತೂಗಿದರೆ ಲೆಕ್ಕ ಹತ್ತುವುದಿಲ್ಲ. ಅಂಗೈಯಗಲದ ಒಂದು ಬಟ್ಟಲಿಗೆ ಅದರ ಬೆಳ್ಳಿಯ ಬೆಲೆಯ ಹತ್ತಾರು ಪಟ್ಟು ಕೇಳುತ್ತಾರೆ. ಬರೀ ಗಿಲೀಟಿನ ತಟ್ಟೆಗೂ ಗಿರಾಕಿಗಳಿರುತ್ತಾರೆ.

ಲಂಡನ್, ಬರ್ಲಿನ್, ಕೋಪನ್‌ಹೇಗನ್ ಕಡೆ ನೆಲೆಸಿರುವ ಕನ್ನಡಿಗರಿಗೆ ಇವು ವಾರಾಂತ್ಯದ ಹಳೇ ಸಾಮಾನಿನ ಸಂತೆಯಲ್ಲೇ ಕಣ್ಣಿಗೆ ಬೀಳುತ್ತವೆ. ಇಲ್ಲಿರುವವರು ಆನ್‌ಲೈನ್ ಹರಾಜಿನಲ್ಲಿ ನೋಡುತ್ತಾರೆ. ಎಲ್ಲವೂ ಸುಮಾರಾಗಿ ಒಂದೇ ಕಾಲದವು, ಎಲ್ಲಕ್ಕೂ ಬಳ್ಳಿ, ಹೂವು, ಬಳುಕು. ಹಾಗಾದರೆ ಯಾವುದನ್ನು ಕೊಳ್ಳಬೇಕು? ಲಂಡನ್ನಿನ ಲಿಬರ್ಟಿ ಅಂಗಡಿಯದ್ದೋ, ಕೋಪನ್‌ಹೇಗನ್‌ನ ಜೆನ್ಸನ್‌ನದ್ದೋ, ಜರ್ಮನಿಯ ಡಬ್ಲ್ಯುಎಂಎಫ್ ಕಾರ್ಖಾನೆಯದ್ದೋ?

ನನ್ನ ಪ್ರಕಾರ ತೂಕಕ್ಕಿಂತ ಮೊದಲು ಕೇಳಬೇಕಾದ್ದು ಇದು: ಈ ಪಾತ್ರೆಯನ್ನು ಕೈಯಲ್ಲಿ ಬಡಿದದ್ದೋ, ಯಂತ್ರ ಒತ್ತಿದ್ದೋ? ಆ ಕಾಲದವರು ಜಗಳವಾಡಿದ್ದೇ ಈ ವಿಷಯಕ್ಕೆ. 1840ರ ಹೊತ್ತಿಗೆ ಬರ್ಮಿಂಗ್‌ಹ್ಯಾಮ್‌ನಲ್ಲಿ ವಿದ್ಯುತ್ ಹರಿಸಿ ಬೆಳ್ಳಿ ಗಿಲೀಟು ಮಾಡುವ ವಿದ್ಯೆಗೆ ಪೇಟೆಂಟ್ ಸಿಕ್ಕಿತು. ಅಚ್ಚು ಒತ್ತುವ ಯಂತ್ರಗಳೂ ಜೊತೆಗಿದ್ದವು. ಮಧ್ಯಮ ವರ್ಗದ ಮನೆಗಳೆಲ್ಲ ಥಳಥಳ ಹೊಳೆಯುವ, ಅಲಂಕಾರ ತುಂಬಿ ತುಳುಕುವ ಪಾತ್ರೆಗಳಿಂದ ತುಂಬಿದವು. ಇದನ್ನು ಕಂಡು ಬೇಸತ್ತವರು ಬೇರೆ ದಾರಿ ಹುಡುಕಿದರು. ಒಂದೊಂದು ಊರಿನವರು ಒಂದೊಂದು ದಾರಿ ಹಿಡಿದರು. ಆ ದಾರಿಗೆ ತಕ್ಕಂತೆ ಇವತ್ತಿನ ಬೆಲೆಯೂ ಬೇರೆ, ಬಳಕೆಯೂ ಬೇರೆ.

ಆಶ್ಬಿಯ ಕೈ, ಲಿಬರ್ಟಿಯ ಅಚ್ಚು

ಇಂಗ್ಲೆಂಡಿನದ್ದನ್ನು ಜೋಡಿಯಾಗಿಯೇ ನೋಡಬೇಕು. ಸಿ. ಆರ್. ಆಶ್ಬಿ ಎಂಬ ವಾಸ್ತುಶಿಲ್ಪಿ 1888ರಲ್ಲಿ ಲಂಡನ್ನಿನ ಬಡ ಪೂರ್ವಭಾಗದಲ್ಲಿ ಗಿಲ್ಡ್ ಆಫ್ ಹ್ಯಾಂಡಿಕ್ರಾಫ್ಟ್ ಎಂಬ ಕುಶಲಕರ್ಮಿಗಳ ಸಂಘ ಕಟ್ಟಿದ. ಅವನ ಮಟ್ಟಿಗೆ ಕೆಲಸದ ಕ್ರಮವೇ ಮುಖ್ಯ. ಪಾತ್ರೆ ಕೊಂಚ ಸೊಟ್ಟಗಾದರೂ ಪರವಾಗಿಲ್ಲ, ಬಡಿಯುವವನು ಖುಷಿಯಿಂದ ಬಡಿಯಬೇಕು. 1902ರಲ್ಲಿ ಕುಶಲಕರ್ಮಿಗಳ ಹೆಂಡತಿ ಮಕ್ಕಳೂ ಸೇರಿ ಸುಮಾರು 150 ಜನರ ದಂಡನ್ನೇ ಚಿಪ್ಪಿಂಗ್ ಕ್ಯಾಂಪ್ಡೆನ್ ಎಂಬ ಹಳ್ಳಿಗೆ ಕರೆದೊಯ್ದ. ಅಲ್ಲಿ ಇವರು ಮಾಡಿದ ಕಿವಿಬಟ್ಟಲುಗಳು ಒಮ್ಮೆ ನೋಡಿದರೆ ಮರೆಯುವಂಥವಲ್ಲ. ತೆಳು ಬೆಳ್ಳಿಯ ಗುಂಡು ಬಟ್ಟಲು, ಅದರಿಂದ ಹೊರಟು ಗಾಳಿಯಲ್ಲಿ ಉದ್ದಕ್ಕೆ ಸುತ್ತಿ ಬರುವ ತಂತಿಯ ಹಿಡಿ, ಎಲ್ಲೋ ಒಂದು ಹಸಿರು ಕಲ್ಲು. ಮೈಮೇಲೆ ಸುತ್ತಿಗೆಯ ಸಣ್ಣ ಸಣ್ಣ ಗುರುತುಗಳು ಹಾಗೇ ಉಳಿದಿರುತ್ತವೆ.

ವ್ಯಾಪಾರ ಮಾತ್ರ ನಡೆಯಲಿಲ್ಲ. 1908ರ ಹೊತ್ತಿಗೆ ಗಿಲ್ಡ್ ಬಾಗಿಲು ಹಾಕಿತು. ಕಾರಣಗಳಲ್ಲಿ ಒಂದು, ಲಂಡನ್ನಿನ ರೀಜೆಂಟ್ ಸ್ಟ್ರೀಟ್‌ನ ಲಿಬರ್ಟಿ ಅಂಗಡಿ. ಭಾರತದ, ಜಪಾನಿನ ರೇಷ್ಮೆ ಮಾರಿ ಹೆಸರು ಮಾಡಿದ್ದ ಅಂಗಡಿ ಅದು. 1899ರಲ್ಲಿ 'ಕಿಮ್ರಿಕ್' ಎಂಬ ಹೆಸರಲ್ಲಿ ಬೆಳ್ಳಿ ಸಾಮಾನು ತಂದಿತು. ನೋಡಲು ಆಶ್ಬಿಯದ್ದೇ ಧಾಟಿ. ತಯಾರಿ ಮಾತ್ರ ಬರ್ಮಿಂಗ್‌ಹ್ಯಾಮ್‌ನ ಹ್ಯಾಸಲರ್ ಕಾರ್ಖಾನೆಯಲ್ಲಿ, ಬಹುಪಾಲು ಅಚ್ಚಿನಲ್ಲಿ ಒತ್ತಿ. ಕೆಲವಕ್ಕೆ ಸುತ್ತಿಗೆ ಗುರುತನ್ನೂ ಸುಮ್ನೆ ತೋರಿಕೆಗೆ ಹಾಕಿದರು. ಆಶ್ಬಿಗೆ ಮೈಯೆಲ್ಲ ಉರಿದಿತ್ತು.

ಹಾಗಂತ ಲಿಬರ್ಟಿಯದ್ದು ನಕಲಿ, ಬೇಡ ಅನ್ನಬೇಡಿ. ಯಾಕೆಂದರೆ ಅಲ್ಲಿ ಆರ್ಚಿಬಾಲ್ಡ್ ನಾಕ್ಸ್ ಇದ್ದ. 1864ರಲ್ಲಿ ಐಲ್ ಆಫ್ ಮ್ಯಾನ್ ದ್ವೀಪದಲ್ಲಿ ಹುಟ್ಟಿದವನು. ಆ ದ್ವೀಪದ ಹಳೆಯ ಕಲ್ಲಿನ ಶಿಲುಬೆಗಳ ಮೇಲಿನ ಗಂಟುಬಳ್ಳಿಗಳನ್ನು ನೋಡುತ್ತಲೇ ಬೆಳೆದ. ಅದೇ ಗಂಟುಗಳನ್ನು ಬೆಳ್ಳಿಗೆ ತಂದು, ನಡುನಡುವೆ ನೀಲಿ–ಹಸಿರು ಎನಾಮಲ್ ತುಂಬಿಸಿದ. ಆಶ್ಬಿಯ ಸಂಘದ ಎಷ್ಟೋ ಪಾತ್ರೆಗಳಿಗಿಂತ ನಾಕ್ಸ್‌ನ ವಿನ್ಯಾಸ ಬಿಗಿಯಾಗಿದೆ ಎಂದೇ ನನಗನ್ನಿಸುತ್ತದೆ. ಕೈಕೆಲಸ ಅನ್ನುವುದೊಂದೇ ಒಳ್ಳೆಯ ವಿನ್ಯಾಸಕ್ಕೆ ಗ್ಯಾರಂಟಿ ಅಲ್ಲವಲ್ಲ.

ಕೊಳ್ಳುವವರಿಗೆ ಇಲ್ಲೊಂದು ಗೊಂದಲ ಇದೆ. ಲಿಬರ್ಟಿ ತನ್ನ ವಿನ್ಯಾಸಕಾರರ ಹೆಸರು ಹೊರಗೆ ಹೇಳುತ್ತಿರಲಿಲ್ಲ. ಪಾತ್ರೆಯ ಮೇಲೆ ಅಂಗಡಿಯ ಮುದ್ರೆ ಮಾತ್ರ. ರೆಕ್ಸ್ ಸಿಲ್ವರ್, ಆಲಿವರ್ ಬೇಕರ್, ಜೆಸ್ಸಿ ಕಿಂಗ್ ಕೂಡ ಅಲ್ಲಿಗೆ ವಿನ್ಯಾಸ ಮಾಡಿಕೊಟ್ಟಿದ್ದಾರೆ. ಮಾರುವವರು ಮಾತ್ರ ಬಳ್ಳಿ ಕಂಡರೆ ಸಾಕು, 'ನಾಕ್ಸ್' ಎಂದು ಚೀಟಿ ಅಂಟಿಸುತ್ತಾರೆ. ಯಾವ ಆಧಾರದ ಮೇಲೆ ಎಂದು ಕೇಳಿ. ಮೂಲ ರೇಖಾಚಿತ್ರ ಇದೆಯೇ, ಇದೇ ಮಾದರಿ ಯಾವುದಾದರೂ ಮ್ಯೂಸಿಯಂನಲ್ಲಿ ನಾಕ್ಸ್ ಹೆಸರಲ್ಲಿ ದಾಖಲಾಗಿದೆಯೇ? ಉತ್ತರ ಬಾರದಿದ್ದರೆ ಬರೀ ಲಿಬರ್ಟಿ ಬೆಲೆ ಕೊಡಿ, ನಾಕ್ಸ್ ಬೆಲೆ ಬೇಡ.

ಕಿಮ್ರಿಕ್ ಕೈಗೆಟುಕದಿದ್ದರೆ ಅದರ ತಂಗಿ 'ಟ್ಯೂಡ್ರಿಕ್' ಇದೆ. ಇದು ಬೆಳ್ಳಿಯಲ್ಲ, ಪ್ಯೂಟರ್, ಅಂದರೆ ತವರದ ಮಿಶ್ರಲೋಹ. ಜರ್ಮನಿಯಿಂದ ಬರುತ್ತಿದ್ದ ಕೈಸರ್‌ಝಿನ್ ಎಂಬ ತವರದ ಸಾಮಾನಿಗೆ ಪೈಪೋಟಿಯಾಗಿ ಲಿಬರ್ಟಿ ಇದನ್ನು ತಂದಿತು. ಅದೇ ನಾಕ್ಸ್, ಅದೇ ಗಂಟುಗಳು, ಆದರೆ ಬೆಲೆ ತುಂಬಾ ಕಡಿಮೆ. ಅಡಿಯಲ್ಲಿ ಟ್ಯೂಡ್ರಿಕ್ ಎಂಬ ಹೆಸರೂ ಮಾದರಿಯ ನಂಬರೂ ಒತ್ತಿರುತ್ತವೆ, ಹಾಗಾಗಿ ಹುಡುಕುವುದು ಸುಲಭ. ಶೋಕೇಸಿಗೆ ಒಂದು ಒಳ್ಳೆಯ ವಸ್ತು ಸಾಕು ಅನ್ನುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಒಲೆಯ ಹತ್ತಿರ ಮಾತ್ರ ಇಡಬೇಡಿ. ತವರ ಬೇಗ ಕರಗುತ್ತದೆ.

ಆಶ್ಬಿಯ ಬಟ್ಟಲು ಕೊಳ್ಳುವುದು ಬೇರೆ ಮಟ್ಟದ ಖರ್ಚು. ಕೊಳ್ಳದಿದ್ದರೂ ಹೋಗಿ ನೋಡಬಹುದು. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ, ಚಿಪ್ಪಿಂಗ್ ಕ್ಯಾಂಪ್ಡೆನ್‌ನ ಕೋರ್ಟ್ ಬಾರ್ನ್ ಮ್ಯೂಸಿಯಂನಲ್ಲಿದೆ. ಅದೇ ಹಳ್ಳಿಯ ಹಳೆಯ ರೇಷ್ಮೆ ಗಿರಣಿಯಲ್ಲಿ ಗಿಲ್ಡ್‌ನ ಸದಸ್ಯರಾಗಿದ್ದ ಜಾರ್ಜ್ ಹಾರ್ಟ್ ಅವರ ವಂಶದವರು ಇವತ್ತಿಗೂ ಬೆಳ್ಳಿ ಬಡಿಯುತ್ತಾರೆ. ಪಕ್ಕದ ಬ್ರಾಡ್ ಕ್ಯಾಂಪ್ಡೆನ್‌ನಲ್ಲಿ ಒಂದು ಹಳೆಯ ಪ್ರಾರ್ಥನಾ ಮಂದಿರವನ್ನು ಆಶ್ಬಿ ರಿಪೇರಿ ಮಾಡಿ ಮನೆಯಾಗಿಸಿಕೊಟ್ಟದ್ದು ಯಾರಿಗೆ ಗೊತ್ತೇ? ನಮ್ಮ ಕಲೆಯ ಬಗ್ಗೆ ಅಷ್ಟೆಲ್ಲ ಬರೆದ ಆನಂದ ಕುಮಾರಸ್ವಾಮಿಯವರಿಗೆ. ಅವರ ಹೆಂಡತಿ ಎಥೆಲ್‌ಳ ಅಣ್ಣತಮ್ಮಂದಿರಲ್ಲಿ ಒಬ್ಬ ಇದೇ ಗಿಲ್ಡ್‌ನಲ್ಲಿ ಒಡವೆ ಮಾಡುತ್ತಿದ್ದ.

ಊಟದ ಮೇಜಿಗೆ ಇಳಿಸುವುದಾದರೆ ಜೆನ್ಸನ್

ಜಾರ್ಜ್ ಜೆನ್ಸನ್ 1904ರಲ್ಲಿ ಕೋಪನ್‌ಹೇಗನ್‌ನ ಬ್ರೆಡ್‌ಗಾಡೆ ಬೀದಿಯಲ್ಲಿ ಸಣ್ಣ ಅಂಗಡಿ ಇಟ್ಟ. ಕಲಿತದ್ದು ಅಕ್ಕಸಾಲಿ ಕೆಲಸ, ಆಸೆ ಶಿಲ್ಪಿಯಾಗಬೇಕೆಂದು. ಆ ಶಿಲ್ಪಿಯ ಕೈ ಪಾತ್ರೆಗಳಲ್ಲಿ ಕಾಣುತ್ತದೆ. 1905ರ ಅವನ ಟೀ ಪಾಟ್ ನೋಡಿ, ಹೊಟ್ಟೆ ಗುಂಡಗೆ, ನುಣುಪಾಗಿ, ಖಾಲಿಯಾಗಿದೆ. ಅಲಂಕಾರವೆಲ್ಲ ಮುಚ್ಚಳದ ತುದಿಯ ಮ್ಯಾಗ್ನೋಲಿಯಾ ಮೊಗ್ಗಿನಲ್ಲಿ, ಕಾಲುಗಳಲ್ಲಿ, ಹಿಡಿಯ ಬುಡದಲ್ಲಿ. 1918ರ ದ್ರಾಕ್ಷಿ ಬಟ್ಟಲಿನದೂ ಅದೇ ಕಥೆ. ಬಟ್ಟಲು ಸರಳ, ದ್ರಾಕ್ಷಿ ಗೊಂಚಲು ಕೆಳಗೆ ಕಂಬದ ಹತ್ತಿರ ತೂಗುತ್ತದೆ.

ಕೈಕೆಲಸವನ್ನು ಬಿಡದೆ ವ್ಯಾಪಾರವನ್ನೂ ನಡೆಸಿದವನು ಇವನು. ಸುತ್ತಿಗೆ ಕೆಲಸ ಕಾರ್ಯಾಗಾರದಲ್ಲೇ ಉಳಿಯಿತು, ಆದರೆ ಮಾದರಿಗಳಿಗೆ ನಂಬರು ಹಾಕಿ ಮತ್ತೆ ಮತ್ತೆ ಮಾಡಿದರು. ವಿನ್ಯಾಸಕಾರರ ಹೆಸರನ್ನೂ ಮುಚ್ಚಿಡಲಿಲ್ಲ. 1909ಕ್ಕೆ ಬರ್ಲಿನ್‌ನಲ್ಲಿ ಅಂಗಡಿ. 1915ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ದೊಡ್ಡ ವಸ್ತುಪ್ರದರ್ಶನದಲ್ಲಿ ಇಟ್ಟಿದ್ದ ಸಾಮಾನನ್ನು ಪತ್ರಿಕೋದ್ಯಮಿ ವಿಲಿಯಂ ರಾಂಡಾಲ್ಫ್ ಹರ್ಸ್ಟ್ ಹೆಚ್ಚುಕಮ್ಮಿ ಪೂರ್ತಿ ಎತ್ತಿಕೊಂಡು ಹೋದ.

ಚಮಚ, ಫೋರ್ಕಿನ ವಿಷಯಕ್ಕೆ ಬಂದರೆ ಹೆಚ್ಚು ಜನ ನಿಲ್ಲುವುದು ಮೂರು ಮಾದರಿಗಳ ಮುಂದೆ. ಯೊಹಾನ್ ರೋಡೆ 1915ರಲ್ಲಿ ಮಾಡಿದ 'ಏಕಾರ್ನ್' ಎಲ್ಲಕ್ಕಿಂತ ಜನಪ್ರಿಯ. ಹಿಡಿಯ ತುದಿಯಲ್ಲಿ ಓಕ್ ಕಾಯಿ, ಕೆಳಗೆ ಸುರುಳಿ. ಹಾರಾಲ್ಡ್ ನೀಲ್ಸನ್‌ನ 'ಪಿರಮಿಡ್' 1926ರದ್ದು, ಮೆಟ್ಟಿಲು ಮೆಟ್ಟಿಲಾಗಿ, ಆರ್ಟ್ ಡೆಕೋ ಎಂಬ ನೇರಗೆರೆಯ ಶೈಲಿಯ ಗತ್ತು. ಸ್ವೀಡನ್ ರಾಜಮನೆತನದ ಸಿಗ್ವಾರ್ಡ್ ಬರ್ನಡಾಟ್ 1939ರಲ್ಲಿ ಮಾಡಿದ್ದು ನೇರ ಗೀರುಗಳ ಹಿಡಿ, ಅದಕ್ಕೆ ಅವನ ಹೆಸರೇ ಇದೆ. ಆಯ್ಕೆ ನಿಮ್ಮ ರುಚಿಗೆ ಬಿಟ್ಟದ್ದು. ಆದರೆ ಒಂದೊಂದಾಗಿ ಕೊಂಡು ಸೆಟ್ ಬೆಳೆಸುವ ಯೋಚನೆ ಇದ್ದರೆ ಏಕಾರ್ನ್ ಹಿಡಿಯಿರಿ. ಸಂತೆಯಲ್ಲಿ, ಹರಾಜಿನಲ್ಲಿ ಬಿಡಿ ಚಮಚ ಸಿಗುತ್ತಲೇ ಇರುತ್ತವೆ. ನನ್ನ ಮನಸ್ಸು ಪಿರಮಿಡ್ ಕಡೆಗೆ. ಅದರ ಬಿಡಿಗಳಿಗೆ ಕಾಯಬೇಕಾಗುತ್ತದೆ, ಅದು ಬೇರೆ ಮಾತು.

ಹನ್ನೆರಡು ಜನರ ಪೂರ್ತಿ ಸೆಟ್ ಕೊಳ್ಳಲು ಹೋಗಬೇಡಿ. ಮೀನಿನ ಚಾಕು, ಕೇಕಿನ ಫೋರ್ಕು, ಇವನ್ನೆಲ್ಲ ಇಟ್ಟುಕೊಂಡು ನಮ್ಮ ಊಟದಲ್ಲಿ ಏನು ಮಾಡುವುದು? ನಾವು ಕೈಯಲ್ಲಿ ಉಣ್ಣುವವರು. ನಮಗೆ ಬೇಕಾದದ್ದು ಬಡಿಸುವ ಚಮಚಗಳು. ಏಕಾರ್ನ್‌ನ ಒಂದು ದೊಡ್ಡ ಬಡಿಸುವ ಚಮಚ, ಒಂದು ಸಾಸ್ ಸೌಟು ಇದ್ದರೆ ಹಬ್ಬದ ದಿನ ಪಾಯಸಕ್ಕೂ ತುಪ್ಪಕ್ಕೂ ಆಗುತ್ತದೆ. ಚಾಕುವಿನ ಹಿಡಿಗಳು ಸಾಮಾನ್ಯವಾಗಿ ಒಳಗೆ ಟೊಳ್ಳು, ರಾಳದಂಥದ್ದನ್ನು ತುಂಬಿ ಅಲಗು ಕೂರಿಸಿರುತ್ತಾರೆ. ಬಿಸಿನೀರಲ್ಲಿ ನೆನೆಸಿದರೆ ಅಲಗು ಸಡಿಲ. ಹಾಗಾಗಿ ಚಾಕುಗಳನ್ನು ಬಿಟ್ಟೇ ಕೊಂಡರೂ ನಷ್ಟವಿಲ್ಲ.

ಜೆನ್ಸನ್ ಮಾದರಿಗಳಲ್ಲಿ ಹಲವು ಇಂದಿಗೂ ತಯಾರಾಗುತ್ತಿವೆ. ಹೀಗಾಗಿ 'ಜೆನ್ಸನ್ ಏಕಾರ್ನ್' ಅಂದ ಮಾತ್ರಕ್ಕೆ ನೂರು ವರ್ಷ ಹಳೆಯದು ಅಂತೇನಿಲ್ಲ. ಮುದ್ರೆ ನೋಡಿ. ಚುಕ್ಕಿಗಳ ಮೊಟ್ಟೆಯಾಕಾರದೊಳಗೆ ಜಾರ್ಜ್ ಜೆನ್ಸನ್ ಎಂದು ಪೂರ್ತಿ ಹೆಸರಿದ್ದರೆ ಅದು 1945ರ ನಂತರದ್ದು. ಹಳೆಯವುಗಳಲ್ಲಿ 830 ಎಂಬ ಅಂಕಿ ಕಾಣುತ್ತದೆ, ಅಂದರೆ ಸಾವಿರಕ್ಕೆ 830 ಭಾಗ ಬೆಳ್ಳಿ. ಆಮೇಲಿನವು 925. ನಮ್ಮಲ್ಲಿ ಶುದ್ಧತೆ ಜಾಸ್ತಿ ಇದ್ದರೆ ಬೆಲೆ ಜಾಸ್ತಿ. ಇಲ್ಲಿ ತಿರುಗುಮುರುಗು, 830ರ ಹಳೆಯ ಪಾತ್ರೆಗೇ ಎಷ್ಟೋ ಸಲ ಹೆಚ್ಚು ಬೇಡಿಕೆ. ದಿನಾ ಬಳಸುವುದಕ್ಕಾದರೆ 1945ರ ನಂತರದ್ದೇ ಸಾಕು. ಕೆಲಸ ಅಷ್ಟೇ ಚೆನ್ನ, ಬೆಲೆ ಕಮ್ಮಿ.

ಕಡಿಮೆ ದುಡ್ಡಿಗೆ ಡಬ್ಲ್ಯುಎಂಎಫ್

ಜರ್ಮನಿಯ ಗೈಸ್‌ಲಿಂಗನ್ ಊರಿನ ಈ ಕಂಪನಿಯ ಹೆಸರು ಇವತ್ತಿಗೂ ಅಡುಗೆ ಪಾತ್ರೆಗಳ ಮೇಲೆ ಕಾಣುತ್ತದೆ. 1900ರ ಸುಮಾರಿಗೆ ಇದು ಯುರೋಪಿನ ದೊಡ್ಡ ಗಿಲೀಟು ಕಾರ್ಖಾನೆಗಳಲ್ಲಿ ಒಂದು. ಆಲ್ಬರ್ಟ್ ಮೇಯರ್ ಎಂಬ ಶಿಲ್ಪಿಯ ಕೈಕೆಳಗಿನ ವಿನ್ಯಾಸ ವಿಭಾಗ ರಾಶಿ ರಾಶಿ ಮಾದರಿ ತಂದಿತು. ಉದ್ದ ಕೂದಲು ಹರಡಿ ತಟ್ಟೆಯ ಅಂಚಿಗೆ ಒರಗಿದ ಹುಡುಗಿಯರು, ಕೊಳದ ಹೂಗಳು, ಹಸಿರು ಗಾಜಿನ ಬಟ್ಟಲು ಹೊತ್ತ ಬಳ್ಳಿಗಳು. ಕೈಕೆಲಸದ ಸೋಗಿಲ್ಲ. ಕಾರ್ಖಾನೆ ಮಾಲು, ಹಾಗೆಂದೇ ಮಾರಿದರು. ಆ ಮಟ್ಟಿಗೆ ಲಿಬರ್ಟಿಗಿಂತ ಪ್ರಾಮಾಣಿಕ. ವಿನ್ಯಾಸ ಕೆಲವೊಮ್ಮೆ ಅತಿಯಾಯಿತು ಅನ್ನಿಸುತ್ತದೆ, ಒಂದೇ ಟ್ರೇಯಲ್ಲಿ ಹುಡುಗಿ, ಹೂವು, ಹಕ್ಕಿ, ಅಲೆ ಎಲ್ಲವೂ ಇದ್ದರೆ ಕಣ್ಣು ಎಲ್ಲಿ ನಿಲ್ಲಬೇಕು?

ಇಲ್ಲಿ ಹುಷಾರಾಗಿರಬೇಕಾದ್ದು ಅಂಕಿಯ ಬಗ್ಗೆ. ಚಮಚದ ಹಿಂದೆ 90 ಎಂದು ಇದ್ದರೆ ಅದು ಶೇಕಡಾ 90 ಬೆಳ್ಳಿ ಅಲ್ಲ. 12 ಚಮಚ, 12 ಫೋರ್ಕಿನ ಮೇಲೆ ಒಟ್ಟು 90 ಗ್ರಾಂ ಬೆಳ್ಳಿ ಏರಿಸಿದೆ ಎಂದರ್ಥ. ಒಳಗಿರುವುದು ಬೇರೆ ಲೋಹ. 'ಆಲ್‌ಪಾಕಾ', 'ಜರ್ಮನ್ ಸಿಲ್ವರ್' ಎಂದು ಬರೆದಿದ್ದರೆ ಆ ಲೋಹದಲ್ಲಿ ಬೆಳ್ಳಿ ಒಂಚೂರೂ ಇಲ್ಲ. ತಾಮ್ರ, ನಿಕಲ್, ಸತು ಅಷ್ಟೆ. ಜರ್ಮನಿಯ ನಿಜ ಬೆಳ್ಳಿಗೆ 1888ರಿಂದ ಅರ್ಧಚಂದ್ರ ಮತ್ತು ಕಿರೀಟದ ಗುರುತು ಇರುತ್ತದೆ, ಪಕ್ಕದಲ್ಲಿ 800 ಅಥವಾ ಅದಕ್ಕಿಂತ ಹೆಚ್ಚಿನ ಅಂಕಿ.

ಗಿಲೀಟಿನ ಪಾತ್ರೆಯಲ್ಲಿ ಮೊದಲು ನೋಡಬೇಕಾದ್ದು ಎತ್ತರದ ಜಾಗಗಳು. ಹುಡುಗಿಯ ಮೂಗು, ಮೊಣಕಾಲು, ಹಿಡಿಯ ತುದಿ. ಅಲ್ಲಿ ಬೆಳ್ಳಿ ಸವೆದು ಬೂದು ಅಥವಾ ಹಳದಿ ಲೋಹ ಇಣುಕುತ್ತಿದ್ದರೆ ಬೆಲೆ ಇಳಿಸಿ ಕೇಳಿ. ಹೊಸದಾಗಿ ಗಿಲೀಟು ಮಾಡಿಸಿದ್ದು ಕನ್ನಡಿಯ ಹಾಗೆ ಹೊಳೆಯುತ್ತದೆ, ಗೆರೆಗಳ ಮೊನಚು ಮಾತ್ರ ಹೋಗಿರುತ್ತದೆ. ಗಾಜಿನ ಬಟ್ಟಲು ಮೂಲದ್ದೇ ಎಂದೂ ನೋಡಿ. ಗಾಜು ಒಡೆದು ಬೇರೆಯದನ್ನು ಕೂರಿಸಿದ್ದರೆ ಅಲುಗಾಡುತ್ತದೆ, ಇಲ್ಲವೇ ಅಂಚು ಹೊಂದುವುದಿಲ್ಲ. ಈ ಹುಡುಗಿಯರ ಹೊಸ ನಕಲುಗಳೂ ಮಾರುಕಟ್ಟೆಯಲ್ಲಿವೆ. ಕೂದಲಿನ ಎಳೆಗಳು ಮಸುಕಾಗಿ, ಮುದ್ರೆಯೂ ಮಸುಕಾಗಿ ಇದ್ದರೆ ಅನುಮಾನಿಸಿ. ಕಂಪನಿ 1906ರಲ್ಲಿ ಇಂಗ್ಲಿಷ್ ಗಿರಾಕಿಗಳಿಗೆಂದು ತಂದ ಕ್ಯಾಟಲಾಗ್ ಈಗ ಮರುಮುದ್ರಣವಾಗಿದೆ, ಮಾದರಿ ಹೋಲಿಸಿ ನೋಡಲು ಅದಕ್ಕಿಂತ ಒಳ್ಳೆಯದಿಲ್ಲ.

ನೋಡಿ ಸಂತೋಷಪಡಬೇಕಾದವು

ವಿಯೆನ್ನಾದ ವೀನರ್ ವೆರ್ಕ್‌ಸ್ಟೆಟ್ಟೆ ಎಂಬ ಕಲಾವಿದರ ಕಾರ್ಯಾಗಾರ 1903ರಲ್ಲಿ ಶುರುವಾಯಿತು. ಯೋಸೆಫ್ ಹಾಫ್‌ಮನ್, ಕೊಲೊಮನ್ ಮೋಸರ್ ಕಲೆ, ಫ್ರಿಟ್ಸ್ ವೆರ್ನ್‌ಡೋರ್ಫರ್ ದುಡ್ಡು. ಇವರಿಗೆ ಮಾದರಿ ಆಶ್ಬಿಯ ಗಿಲ್ಡ್. ಆದರೆ ಬಳ್ಳಿ ಬಿಟ್ಟು ಚೌಕ ಹಿಡಿದರು. ಸಾಲು ಸಾಲು ಚೌಕ ತೂತಿನ ಹೂಬುಟ್ಟಿಗಳು ಇವತ್ತು ಮಾಡಿದವೋ ಅನ್ನುವಷ್ಟು ಹೊಸದಾಗಿ ಕಾಣುತ್ತವೆ. ಪಾತ್ರೆಯ ಮೇಲೆ ಸಂಸ್ಥೆಯ ಗುಲಾಬಿ ಗುರುತು, ವಿನ್ಯಾಸಕಾರನ ಗುರುತು, ಬಡಿದವನ ಗುರುತು, ಎಲ್ಲವೂ ಇರುತ್ತಿದ್ದವು. ಗಿರಾಕಿಗಳು ಬರೀ ಸಾಹುಕಾರರು. 1932ರಲ್ಲಿ ಇದೂ ಮುಚ್ಚಿತು. ಸಣ್ಣ ಪಾತ್ರೆಗೂ ಈಗ ಮ್ಯೂಸಿಯಂಗಳು ಪೈಪೋಟಿಗಿಳಿಯುತ್ತವೆ, ನಕಲು ಮುದ್ರೆಯ ಭಯವೂ ಇದೆ. ವಿಯೆನ್ನಾದ ಮಾಕ್ ಮ್ಯೂಸಿಯಂಗೆ ಹೋಗಿ ನೋಡಿ. ಇಷ್ಟವಾದರೆ ಹೊಸ ಮರುತಯಾರಿಕೆ ಕೊಳ್ಳಿ. ಅದೇ ಬುಟ್ಟಿಗಳನ್ನು ಆಗ ಬಿಳಿ ಬಣ್ಣ ಬಳಿದ ತಗಡಿನಲ್ಲೂ ಮಾಡಿದ್ದರು, ಅದಕ್ಕೂ ಇವತ್ತು ಬೆಲೆ ಕಡಿಮೆಯೇನಲ್ಲ.

ಜರ್ಮನಿಯ ಬೌಹೌಸ್ ಕಲಾಶಾಲೆಯ ಮರಿಯಾನೆ ಬ್ರಾಂಟ್ 1924ರಲ್ಲಿ ಮಾಡಿದ ಟೀ ಪಾಟ್ ಇನ್ನೂ ತಮಾಷೆ. ಎತ್ತರ ಬರೀ ಏಳು ಸೆಂಟಿಮೀಟರ್ ಚಿಲ್ಲರೆ. ಅರ್ಧಗೋಲ, ವೃತ್ತ, ಅಡ್ಡಪಟ್ಟಿಯ ಕಾಲು. ಕಾರ್ಖಾನೆಯಲ್ಲಿ ಸಾವಿರಗಟ್ಟಲೆ ತೆಗೆಯಬಹುದು ಅನ್ನುವ ರೂಪ, ತಯಾರಾದದ್ದು ಮಾತ್ರ ಬೆರಳೆಣಿಕೆಯಷ್ಟು, ಅದೂ ಕೈಯಲ್ಲಿ ಬಡಿದು. ಲಿಬರ್ಟಿಯಲ್ಲಿ ಯಂತ್ರ ಕೈಯ ವೇಷ ಹಾಕಿದರೆ, ಇಲ್ಲಿ ಕೈ ಯಂತ್ರದ ವೇಷ ಹಾಕಿತು. 2007ರಲ್ಲಿ ಒಂದು ನ್ಯೂಯಾರ್ಕ್ ಹರಾಜಿನಲ್ಲಿ 3,61,000 ಡಾಲರಿಗೆ ಹೋಯಿತು.

ಅಮೆರಿಕದ ಗೋರಂ ಕಂಪನಿಯ 'ಮಾರ್ಟೆಲೆ' ಸಾಲು, ಪ್ಯಾರಿಸ್ಸಿನ ಝಾನ್ ಪ್ವಿಫೋರ್ಕಾ ಕೆಲಸ ಎರಡೂ ಇದೇ ಗುಂಪಿಗೆ. ಪ್ವಿಫೋರ್ಕಾ ಇಂದೋರಿನ ಮಹಾರಾಜ ಯಶವಂತರಾವ್ ಹೋಳ್ಕರ್ ಅವರ ಮಾಣಿಕ್ ಬಾಗ್ ಅರಮನೆಗೂ ಊಟದ ಬೆಳ್ಳಿ ಮಾಡಿಕೊಟ್ಟಿದ್ದ. ನಮ್ಮ ಬಜೆಟ್ಟಿನ ಮಾತಲ್ಲ ಬಿಡಿ.

ದುಡ್ಡು ಕೊಡುವ ಮುನ್ನ, ಕೊಟ್ಟ ಮೇಲೆ

ಇಂಗ್ಲೆಂಡಿನ ಬೆಳ್ಳಿಗೆ ನಡೆಯುವ ಸಿಂಹದ ಮುದ್ರೆ ಇದ್ದರೆ 925. ಲಂಗರು ಇದ್ದರೆ ಬರ್ಮಿಂಗ್‌ಹ್ಯಾಮ್, ಚಿರತೆ ಮುಖ ಇದ್ದರೆ ಲಂಡನ್. ಜೊತೆಗೊಂದು ಅಕ್ಷರ ವರ್ಷ ಹೇಳುತ್ತದೆ. ಆದರೆ ಮುದ್ರೆ ಅಸಲಿಯಾದ ಮಾತ್ರಕ್ಕೆ ಪಾತ್ರೆ ಅಸಲಿ ಅಂತಲ್ಲ. ಮುರಿದ ಚಮಚದ ಮುದ್ರೆ ಕತ್ತರಿಸಿ ಬಟ್ಟಲಿಗೆ ಬೆಸುಗೆ ಹಾಕುವ ಚಾಲಾಕಿಗಳಿದ್ದಾರೆ. ಮುದ್ರೆಯ ಮೇಲೆ ಬಾಯಿಂದ ಆವಿ ಊದಿ. ಬೆಸುಗೆಯ ಗೆರೆ ಇದ್ದರೆ ಆ ಕ್ಷಣಕ್ಕೆ ಕಾಣುತ್ತದೆ. ಹಿಂದಿನ ಮಾಲೀಕರ ಹೆಸರಿನಕ್ಷರ ಕೆತ್ತಿದ್ದರೆ ಬೆಲೆ ಇಳಿಯುತ್ತದೆ, ಬಳಸುವವರಿಗೆ ಅದು ಲಾಭವೇ. ಅಕ್ಷರ ಉಜ್ಜಿ ತೆಗೆದ ಪಾತ್ರೆ ಮಾತ್ರ ಬೇಡ. ಆ ಜಾಗ ಬೆರಳಿಗೆ ತೆಳ್ಳಗೆ ಸಿಗುತ್ತದೆ, ಮುಂದೊಂದು ದಿನ ತಗ್ಗು ಬೀಳುತ್ತದೆ.

ಉಪ್ಪು ಬೆಳ್ಳಿಗೆ ಶತ್ರು, ಚುಕ್ಕೆ ಚುಕ್ಕೆಯಾಗಿ ತಿನ್ನುತ್ತದೆ. ಉಪ್ಪಿನಕಾಯಿ, ಹುಳಿ ಇವಕ್ಕೆ ಬೇಡ. ಕೋಸಂಬರಿ ಬಡಿಸಿದರೆ ಊಟ ಮುಗಿದ ತಕ್ಷಣ ತೊಳೆದಿಡಿ. ಮೊಟ್ಟೆ ತಾಗಿದರೆ ಕಪ್ಪಾಗುತ್ತದೆ, ಅದರಲ್ಲಿರುವ ಗಂಧಕ ಕಾರಣ. ಮನೆಯ ಬೆಳ್ಳಿ ದೀಪಕ್ಕೆ ವಿಭೂತಿ, ಹಲ್ಲುಪುಡಿ ಹಾಕಿ ಉಜ್ಜುವ ಹಾಗೆ ಇವನ್ನು ಉಜ್ಜಬೇಡಿ. ಗಿಲೀಟು ಹೋಗುತ್ತದೆ, ಸುತ್ತಿಗೆಯ ಗುರುತು ಸವೆಯುತ್ತದೆ. ಏಕಾರ್ನ್‌ನ ಸಂದುಗಳಲ್ಲಿರುವ ಕಪ್ಪು ಕೊಳೆಯಲ್ಲ, ವಿನ್ಯಾಸದ ಭಾಗ. ಅಲ್ಯುಮಿನಿಯಂ ಹಾಳೆ, ಸೋಡಾ ನೀರಿನಲ್ಲಿ ಅದ್ದಿದರೆ ಆ ಕಪ್ಪು ಹೋಗಿ ಚಮಚ ಬೋಳಾಗುತ್ತದೆ. ಎನಾಮಲ್ ಇರುವ ಕಿಮ್ರಿಕ್‌ಗೆ ಯಾವ ದ್ರಾವಣವೂ ಬೇಡ, ಮೆತ್ತನೆ ಬಟ್ಟೆ ಸಾಕು. ಡಿಶ್‌ವಾಷರ್ ಯಾವುದಕ್ಕೂ ಬೇಡ.

ವಿದೇಶದಲ್ಲಿ ಕೊಂಡು ಊರಿಗೆ ತರುವವರು ಬಿಲ್ಲು, ಕಸ್ಟಮ್ಸ್ ಕಾಗದ ಜೋಪಾನವಾಗಿಡಿ. ನಮ್ಮ 1972ರ ಪುರಾತನ ವಸ್ತುಗಳ ಕಾನೂನಿನಲ್ಲಿ ನೂರು ವರ್ಷ ದಾಟಿದ ಕಲಾವಸ್ತುಗಳನ್ನು ಖಾಸಗಿಯವರು ದೇಶದಾಚೆ ಕೊಂಡೊಯ್ಯುವಂತಿಲ್ಲ. 1902ರ ಬಟ್ಟಲನ್ನು ಬೆಂಗಳೂರಿಗೆ ತಂದು, ಮತ್ತೆ ಲಂಡನ್ನಿಗೆ ಒಯ್ಯುವ ಯೋಚನೆ ಇದ್ದರೆ ತರುವ ಮೊದಲೇ ವಿಚಾರಿಸಿಕೊಳ್ಳಿ.